ಮಜೆಲ್ಲಾಳ ಕಾರಿಗೆ ಬಿದ್ದ ಎಂಟು ಲೀಟರು

ಮಜೆಲ್ಲಾ ರಾಡನ್ ಬಂದಳೆಂದು ಹ್ಯಾನಾಳಿಗೆ ಮೊದಲು ತಿಳಿದದ್ದು ಕಿವಿಯಿಂದ. ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿದ ಸದ್ದು.

ಸೆಪ್ಟೆಂಬರ್ ತಿಂಗಳು, ಮಂಗಳವಾರ, ಒಂಬತ್ತು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಡೊನೆಗಾಲ್ ಜಿಲ್ಲೆಯ ಮೀನಾಬೆಗ್‌ನಲ್ಲಿ ಹ್ಯಾನಾಳ ಮನೆಗೆ ಬರುವ ಓಣಿಯನ್ನು ಟ್ರ್ಯಾಕ್ಟರಿನ ಗಾಲಿಗಳು ಎರಡೂ ಕಡೆ ಕೊರೆದು ಕೊರೆದು, ನಡುವೆ ಹುಲ್ಲಿನ ದಿಂಡೊಂದು ಬೆನ್ನುಮೂಳೆಯ ಹಾಗೆ ಎದ್ದು ನಿಂತಿತ್ತು. ಅಂಚೆಯವನ ವ್ಯಾನು, ಪಾದ್ರಿಯ ಜೀಪು, ದನದ ಡಾಕ್ಟರ ಗಾಡಿ ಎಲ್ಲ ಅದರ ಮೇಲೆ ಸಲೀಸಾಗಿ ದಾಟುತ್ತಿದ್ದವು. ಈ ಕಾರು ಮಾತ್ರ ಉಜ್ಜಿಕೊಂಡು ನಿಂತಿತು, ಹಿಂದೆ ಸರಿಯಿತು, ಒಂದು ಕಡೆಯ ಗಾಲಿಗಳನ್ನು ದಿಂಡಿನ ಮೇಲೆ ಹತ್ತಿಸಿ ಓರೆಯಾಗಿ, ಮೋರಿ ದಾಟುವ ಬೆಕ್ಕಿನ ಹಾಗೆ ಅಂಗಳಕ್ಕೆ ಬಂತು.

ನೆನೆದ ಸ್ಲೇಟುಗಲ್ಲಿನ ಕಡುಬೂದು ಬಣ್ಣದ ಕಾರು. ಗಿಡ್ಡ, ಅಗಲ, ಹಿಂಭಾಗ ಕತ್ತರಿಸಿಟ್ಟ ಹಾಗೆ ಮೊಂಡು. ಗಾಲಿಗಳ ಒಳಗೆ ಕೆಂಪಗೆ ಏನೋ ಕಾಣುತ್ತಿತ್ತು, ಹಿಂದೆ ಎರಡು ಹೊಗೆಕೊಳವೆ. ಇಂಥವನ್ನು ಹ್ಯಾನಾ ನೋಡಿದ್ದು ಕೂಡುರಸ್ತೆಯಲ್ಲಿ ಟಯರು ಸುಟ್ಟು ಕರೀ ಸುತ್ತು ಬರೆಯುವ ಪಡ್ಡೆಗಳ ಕೈಯಲ್ಲಿ. ಸ್ನಾನಕ್ಕೆ, ಬೆಂಕಿ ಹಚ್ಚುವುದಕ್ಕೆ ಸಹಾಯ ಮಾಡಲು ಇವತ್ತಿನಿಂದ ಹೊಸಬಳು ಬರುತ್ತಾಳೆ ಎಂದು ದಾದಿ ಹೇಳಿ ಹೋಗಿದ್ದಳು. ಇದು ಅವಳಂತೂ ಅಲ್ಲ, ಯಾರೋ ದಾರಿ ತಪ್ಪಿದವರು ಎಂದುಕೊಂಡಳು ಹ್ಯಾನಾ.

ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಒಳಗೆ ಐವತ್ತರ ಹತ್ತಿರದ ಹೆಂಗಸು, ಕೆಲಸದ ನೀಲಿ ಅಂಗಿ, ಗಿಡ್ಡ ಕೂದಲು. ಕೈ ಸ್ಟೀರಿಂಗಿನ ಮೇಲಿಟ್ಟು ಸುಮ್ಮನೆ ಕೂತಿದ್ದಾಳೆ. ಹ್ಯಾನಾ ಕಿಟಕಿಯ ಬಳಿ ನಿಂತೇ ಗೋಡೆಯ ಗಡಿಯಾರ ನೋಡಿದಳು. ಪೂರ್ತಿ ಒಂದು ನಿಮಿಷ ಕಳೆಯಿತು. ಒಳಗೆ ಬರಲು ಹೆದರುತ್ತಿದ್ದಾಳೆ, ಮುದುಕಿ ಜೋರು ಎಂದು ಹಿಂದಿನವಳು ಕಿವಿಯೂದಿರಬೇಕು ಎಂದು ಹ್ಯಾನಾಳಿಗೆ ಅನ್ನಿಸಿತು. ಗಂಡ ಸತ್ತು ಹನ್ನೊಂದು ವರ್ಷ. ಬಂದವರು ಬಾಗಿಲಿಂದಲೇ ತಿರುಗಿ ಹೋಗುತ್ತಾರೆಂಬ ದಿಗಿಲು ಅವಳಿಗೆ ಅಂಟಿಕೊಂಡಿತ್ತು.

ಬಂದವಳು ಆ ಹೊಸಬಳೇ. ಕಾಲಿನ ಊತಕ್ಕೆಂದು ಕೊಟ್ಟ ಬಿಗಿ ಕಾಲುಚೀಲವನ್ನು ಅವಳಿಂದ ಹಾಕಿಸಿಕೊಳ್ಳುವಾಗ, ಕಾರಿನಲ್ಲೇ ಕೂತದ್ದು ಏಕೆಂದು ಹ್ಯಾನಾ ತಡೆಯಲಾರದೆ ಕೇಳಿಯೇಬಿಟ್ಟಳು. ಮಜೆಲ್ಲಾ ನಕ್ಕಳು.

"ಹೆದರಿಕೆ ಅಲ್ಲ ಹ್ಯಾನಾ. ಓಡಿ ಬಂದಿರುತ್ತಲ್ಲ, ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊ ಕೆಂಡ ಆಗಿರುತ್ತೆ. ತಟ್ಟಂತ ಆರಿಸಿದ್ರೆ ಎಣ್ಣೆ ಅಲ್ಲೇ ಸೀದು ಕೂತ್ಕೊಳ್ಳುತ್ತೆ. ಓಡಿ ಬಂದ ಕುದುರೇನ ಕಟ್ಟೋಕೆ ಮುಂಚೆ ಸ್ವಲ್ಪ ನಡೆಸ್ತಾರೆ ನೋಡಿ, ಹಾಗೆ."

ಹ್ಯಾನಾಳ ಅಪ್ಪನಿಗೆ ಕುದುರೆ ಇತ್ತು. ಅವಳಿಗೆ ಅರ್ಥವಾಯಿತು. ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ, ಆದರೆ ಒಂದು ಕೆಲಸವನ್ನು ಅದರ ಕ್ರಮದಲ್ಲಿ ಮಾಡುವವರು ಯಾರು, ಮಾಡದವರು ಯಾರು ಎಂಬುದು ಕಂಡ ಕೂಡಲೇ ತಿಳಿಯುತ್ತಿತ್ತು.

ಆ ಚಳಿಗಾಲವಿಡೀ ಮಜೆಲ್ಲಾಳ ಬದುಕು ಕಾಲುಚೀಲ ಎಳೆಯುವ ಹೊತ್ತಿನಲ್ಲಿ ತುಣುಕು ತುಣುಕಾಗಿ ಹ್ಯಾನಾಳಿಗೆ ಸಿಕ್ಕಿತು. ಹದಿನಾರು ವರ್ಷ ಷರ್ಟಿನ ಕಾರ್ಖಾನೆಯಲ್ಲಿ ಕಾಲರು ಹೊಲಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಮುದುಕರನ್ನು ನೋಡಿಕೊಳ್ಳುವ ತರಬೇತಿ ಪಡೆದಳು. ಮದುವೆ ಆಗಲಿಲ್ಲ, ಕೇಳಿದವನೊಬ್ಬನಿದ್ದ, ಅವನು ಕಾರು ಓಡಿಸುವ ರೀತಿ ಇವಳಿಗೆ ಸರಿಬರಲಿಲ್ಲವಂತೆ. ಅವಳ ಅಪ್ಪ ಹೆಣ್ಣುಮಕ್ಕಳನ್ನು ಸ್ಟೀರಿಂಗಿನ ಹತ್ತಿರ ಬಿಟ್ಟವನಲ್ಲ. ಬ್ರೆಡ್ಡಿನ ವ್ಯಾನಿನವನಿಗೆ ಅಂಗಿಗಳನ್ನು ಹೊಲಿದುಕೊಟ್ಟು, ಅದಕ್ಕೆ ಬದಲಾಗಿ ಕೊಯ್ದ ಹುಲ್ಲುಗಾವಲಿನಲ್ಲಿ ಅವನ ವ್ಯಾನು ಓಡಿಸಲು ಕಲಿತಳು. ಈ ಕಾರು ಅವಳ ಕೈಗೆ ಬರುವ ಹೊತ್ತಿಗೆ ಅದಕ್ಕೆ ಇಬ್ಬರು ಒಡೆಯರಾಗಿದ್ದರು. ಆದರೂ ತನ್ನ ದುಡಿಮೆಯಲ್ಲಿ ತನಗಾಗಿ ಆರಿಸಿಕೊಂಡ ವಸ್ತು ಅಂತ ಇರುವುದು ಇದೊಂದೇ ಎನ್ನುತ್ತಿದ್ದಳು.

ಕಾರು ತಣ್ಣಗಿರುವಾಗ ಜೋರು ಮಾಡುತ್ತಿರಲಿಲ್ಲ. ಮೊದಲ ಮೂರು ಮೈಲಿ ಗೇರುಗಳನ್ನು ಮೆತ್ತಗೆ, ಮೊಟ್ಟೆ ಎತ್ತಿಡುವ ಹಾಗೆ ಹಾಕುವಳು. ಎಣ್ಣೆ ಕಾದ ಮೇಲೆ ಗುಡ್ಡದ ತಿರುವಿನಲ್ಲಿ ಒಮ್ಮೆ ಕಾಲು ಒತ್ತಿದಳೆಂದರೆ ಬೆನ್ನನ್ನು ಯಾರೋ ಅಂಗೈಯಿಂದ ಸೀಟಿಗೆ ಅದುಮಿದಂತಾಗುತ್ತಿತ್ತು. ಸದ್ದು ಮಾತ್ರ ಟ್ರ್ಯಾಕ್ಟರಿನದೇ ಜಾತಿ, ಗಟಗಟ ಡೀಸೆಲ್ ಸದ್ದು. ಹ್ಯಾನಾಳ ಹೊಲವನ್ನು ಗೇಣಿಗೆ ಮಾಡುತ್ತಿದ್ದ ಕಾಂಡಿ ಎಪ್ಪತ್ತರ ಬ್ರಹ್ಮಚಾರಿ. ಅವನಿಗೆ ಈ ಕಾರೆಂದರೆ ಹಬ್ಬ.

"ಏನಮ್ಮಾ ಮಜೆಲ್ಲಾ, ಗಂಡು ಹುಡುಕೋಕೆ ಇಷ್ಟು ಸ್ಪೀಡು ಬೇಕಾ?"

"ಹುಡುಕೋಕಲ್ಲ ಕಾಂಡಿ. ನಿಮ್ಮಂಥವ್ರು ಕಂಡ್ರೆ ತಪ್ಪಿಸ್ಕೊಳ್ಳೋಕೆ."

ಆ ಕಾರಿಗೆ ಒಂದು ರೋಗವಿತ್ತು. ರೋಗವಲ್ಲ, ಅದರ ಜಾತಿಯ ಗುಣವೇ ಹಾಗೆ. ಡೀಸೆಲಿನ ಮಸಿ ಹೊರಗೆ ಹೋಗದಂತೆ ಹೊಗೆಕೊಳವೆಯಲ್ಲಿ ಒಂದು ಜರಡಿ ಇರುತ್ತದಂತೆ. ಮನೆಯಿಂದ ಮನೆಗೆ ಎರಡೆರಡು ಮೈಲಿ ಓಡಾಡಿದರೆ ಜರಡಿ ಕಾಯುವುದಿಲ್ಲ, ಮಸಿ ಕಟ್ಟುತ್ತದೆ. ವಾರಕ್ಕೊಮ್ಮೆ ದೊಡ್ಡ ರಸ್ತೆಯಲ್ಲಿ ನಿಲ್ಲಿಸದೆ ಇಪ್ಪತ್ತು ನಿಮಿಷ ಓಡಿಸಿದರೆ ಒಳಗೇ ಉರಿದು ಬೂದಿಯಾಗಿ ಜರಡಿ ಚೊಕ್ಕಟವಾಗುತ್ತದೆ. ಓಡಿಸದಿದ್ದರೆ ಸ್ಟೀರಿಂಗಿನ ಮುಂದೆ ಹಳದಿ ದೀಪ ಹತ್ತುತ್ತದೆ. ಆಗಲೂ ಓಡಿಸದಿದ್ದರೆ ಕಾರು ಕುಂಟುತ್ತದೆ, ಆಮೇಲೆ ನಿಲ್ಲುತ್ತದೆ.

ಹೀಗಾಗಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮಜೆಲ್ಲಾ ಜರಡಿ ಸುಡಲು ಹೊರಡುವಳು. ಒಂದು ದಿನ ಹ್ಯಾನಾಳನ್ನೂ ಕೂರಿಸಿಕೊಂಡಳು, ಆಮೇಲೆ ಅದು ಪ್ರತಿವಾರದ ರೂಢಿಯಾಯಿತು. ಅದು ಕೆಲಸದ ಲೆಕ್ಕಕ್ಕೆ ಸೇರಿದ್ದಲ್ಲ, ಅವಳ ಸ್ವಂತ ಹೊತ್ತು. ಅಷ್ಟು ತಗ್ಗಿನ ಸೀಟಿಗೆ ಇಳಿಯುವುದು ಹ್ಯಾನಾಳಿಗೆ ಬಾವಿಗೆ ಇಳಿದಷ್ಟು ಕಷ್ಟ. ಮೊದಲು ಕುಂಡಿ, ಆಮೇಲೆ ಒಂದೊಂದೇ ಕಾಲು. ಕೂತ ಮೇಲೆ ಮಾತ್ರ ಬೇರೆ ಲೋಕ. ದೊಡ್ಡ ರಸ್ತೆಯ ಪಕ್ಕದಲ್ಲಿ ಸಮುದ್ರ, ಜವುಗು, ಮತ್ತೆ ಸಮುದ್ರ. ಹಿಂತಿರುಗುವಾಗ ಪೇಟೆಯ ಹೊರಗೆ ಆಲೂ ಹುರಿದು ಕೊಡುವ ಗಾಡಿಯಲ್ಲಿ ಒಂದು ಪೊಟ್ಟಣ ಕೊಂಡು ಇಬ್ಬರೂ ಹಂಚಿಕೊಂಡು ತಿನ್ನುವರು. ಕಾರಿನೊಳಗಲ್ಲ, ಹೊರಗೆ ನಿಂತು. ಆಲೂಗೆ ಚಿಮುಕಿಸಿದ ವಿನಿಗರಿನ ವಾಸನೆ ಸೀಟಿಗೆ ಹತ್ತುವುದು ಮಜೆಲ್ಲಾಳಿಗೆ ಆಗದು. ಹ್ಯಾನಾ ಸೋಮವಾರದಿಂದಲೇ ಭಾನುವಾರವನ್ನು ಎಣಿಸತೊಡಗಿದಳು. ಎಣಿಸುವುದರ ಜೊತೆಗೇ ಹೆದರಿಕೆಯೂ ಹುಟ್ಟಿತು. ಒಂಬತ್ತಾದರೂ ಓಣಿಯಲ್ಲಿ ಸದ್ದು ಕೇಳದಿದ್ದರೆ ಅವಳ ಚಹಾ ಬಟ್ಟಲಲ್ಲೇ ತಣ್ಣಗಾಗುತ್ತಿತ್ತು.

ಮುಂದಿನ ನವೆಂಬರಿನಲ್ಲಿ ಆ ದೊಡ್ಡ ಗಾಳಿ ಬಂತು. ಒಂದು ಹಗಲು ಒಂದು ಇರುಳು ಬೀಸಿ ವಿದ್ಯುತ್ ಕಂಬಗಳನ್ನೆಲ್ಲ ಮಲಗಿಸಿತು. ಕರೆಂಟಿಲ್ಲ, ಫೋನಿಲ್ಲ. ಮಾರನೆಯ ಬೆಳಗ್ಗೆ ಮಜೆಲ್ಲಾ ಬಂದಾಗ ಡೀಸೆಲ್ ಮುಳ್ಳು ಕೆಂಪು ಗೆರೆಯ ಕೆಳಗಿತ್ತು. ಕರೆಂಟಿಲ್ಲದೆ ಕೂಡುರಸ್ತೆಯ ಪಂಪು ಎಣ್ಣೆ ಎತ್ತುತ್ತಿರಲಿಲ್ಲ.

"ಇಲ್ಲಿಂದ ವಿನ್ನಿ ಮನೆಗೆ ಒಂಬತ್ತು ಮೈಲಿ. ಹೋಗೋಷ್ಟು ದೂರ ಹೋಗುತ್ತೆ, ಮಿಕ್ಕಿದ್ದು ನಡೀತೀನಿ," ಎಂದಳು.

ವಿನ್ನಿ ಭೂಶಿರದ ತುದಿಯಲ್ಲಿರುವವಳು, ಹಾಸಿಗೆ ಹಿಡಿದವಳು. ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರ ಕೈ ಬೇಕು. ಅವಳ ಸೊಸೆ ಪೇಟೆಗೆ ಹೋದವಳು, ರಸ್ತೆಗೆ ಮರ ಬಿದ್ದು ಅಲ್ಲೇ ಸಿಕ್ಕಿಕೊಂಡಿದ್ದಾಳೆಂದು ಮಜೆಲ್ಲಾ ದಾರಿಯಲ್ಲಿ ಕೇಳಿದ್ದಳು. ಹಿಂದಿನ ಸಂಜೆಯಿಂದ ವಿನ್ನಿ ಒಂದೇ ಮಗ್ಗುಲಲ್ಲಿ ಬಿದ್ದಿರಬೇಕು.

ಆಗ ಹ್ಯಾನಾಳಿಗೆ ಕೊಟ್ಟಿಗೆಯ ಪೀಪಾಯಿ ನೆನಪಾಯಿತು. ಕಾಂಡಿ ತನ್ನ ಟ್ರ್ಯಾಕ್ಟರಿಗೆಂದು ಅಲ್ಲಿ ಡೀಸೆಲ್ ಇಟ್ಟಿದ್ದ. ಹೊಲದ ಡೀಸೆಲ್. ಅದಕ್ಕೆ ಸುಂಕ ಕಡಿಮೆ, ಆದ್ದರಿಂದ ಸರಕಾರದವರು ಹಸಿರು ಬಣ್ಣ ಬೆರೆಸಿರುತ್ತಾರೆ. ರಸ್ತೆಯ ಗಾಡಿಗೆ ಹಾಕುವಂತಿಲ್ಲ. ಸುಂಕದವರು ಅಲ್ಲಲ್ಲಿ ಗಾಡಿ ತಡೆದು ಟ್ಯಾಂಕಿಗೆ ಕೊಳವೆ ಇಳಿಸಿ ನೋಡುತ್ತಾರೆ. ಹಸಿರು ಸಿಕ್ಕರೆ ಗಾಡಿ ಜಪ್ತಿಯಾಗಿ ಅವರ ಅಂಗಳಕ್ಕೆ ಹೋಗುತ್ತದೆ.

"ಬೇಡ ಹ್ಯಾನಾ, ಅದು ಹಸಿರು."

"ಹಸಿರೋ ಕೆಂಪೋ, ಉರಿಯುತ್ತೆ ತಾನೆ?"

"ಉರಿಯುತ್ತೆ. ಆಮೇಲೆ ನನ್ನನ್ನ ಉರಿಸುತ್ತೆ."

"ಎಂಟೇ ಲೀಟರು ಹಾಕು ಮಗಳೇ. ನಾಳೆ ಕರೆಂಟು ಬಂದ್ರೆ ಒಳ್ಳೇದು ತುಂಬಿಸು, ತೊಳೆದುಹೋಗುತ್ತೆ. ಹಾಲಿನ ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಲ್ವಾ, ಹಾಗೆ. ಅಲ್ಲಿ ವಿನ್ನಿ ಬೆನ್ನು ಕೊಳೀತಾ ಇದೆ."

ವಿನ್ನಿಯ ಹೆಸರು ಹೇಳಬಾರದಿತ್ತು ಎಂದು ಹ್ಯಾನಾಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಮಜೆಲ್ಲಾ ಒಂದು ಕ್ಷಣ ಕಾರನ್ನು ನೋಡಿದಳು, ಆಮೇಲೆ ಕೊಟ್ಟಿಗೆಗೆ ಹೋದಳು. ಹ್ಯಾನಾ ಆಲಿಕೆ ಹಿಡಿದಳು, ಮಜೆಲ್ಲಾ ಕ್ಯಾನು ಬಗ್ಗಿಸಿದಳು. ಎರಡು ಲೀಟರಿನ ಹಾಲಿನ ಅಳತೆಯಲ್ಲಿ ನಾಲ್ಕು ಸಲ ಅಳೆದು ಕ್ಯಾನಿಗೆ ತುಂಬಿದ್ದು ಹ್ಯಾನಾಳೇ. ಗಾಜಿನ ಬಾಟಲಿಯಲ್ಲಿ ಪುದೀನ ಷರಬತ್ತಿನ ಹಾಗೆ ಕಾಣುವ ಬಣ್ಣ.

ವಿನ್ನಿ ಉಳಿದಳು. ಕರೆಂಟು ಬಂತು. ಮಜೆಲ್ಲಾ ಟ್ಯಾಂಕು ತುಂಬಾ ಒಳ್ಳೆಯ ಡೀಸೆಲ್ ಹಾಕಿಸಿದಳು. ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ನಂಬಿದರು.

ಮುಗಿದಿಲ್ಲವೆಂದು ಹೇಳಿದವನು ಕಾಂಡಿ. ಪೀಪಾಯಿಗೆ ಕೋಲು ಇಳಿಸಿ ನೋಡಿ ಒಳಗೆ ಬಂದು, ಚಹಾ ಕುಡಿಯುತ್ತಾ, ಹ್ಯಾನಾ, ನಿನ್ನ ಕೋಳಿಗಳು ಡೀಸೆಲ್ ಕುಡಿಯುತ್ತವೋ ಹೇಗೆ ಎಂದು ಕೇಳಿದ. ಹ್ಯಾನಾ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ಬಟ್ಟಲು ಕೆಳಗಿಟ್ಟ.

"ಅದು ತೊಳೆದುಹೋಗಲ್ಲ ಕಣೆ. ಪಾಪ ಇದ್ದಹಾಗೆ ಅದು. ಸಾವಿರಕ್ಕೊಂದು ಪಾಲು ಉಳಿದ್ರೂ ಅವ್ರ ಯಂತ್ರಕ್ಕೆ ಕಾಣುತ್ತೆ. ನನ್ನ ತಂಗಿ ಗಂಡನ ವ್ಯಾನು ಮೂರು ತಿಂಗಳು ಬಿಟ್ಟು ಸಿಕ್ಕಿತ್ತು."

ಆ ದಿನದಿಂದ ಹ್ಯಾನಾಳಿಗೆ ಅದೇ ಲೆಕ್ಕ. ಕಾರಿಲ್ಲದವರನ್ನು ಆ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಕಾರು ಹೋದರೆ ಮಜೆಲ್ಲಾಳ ಕೆಲಸ ಹೋಗುತ್ತದೆ, ಹತ್ತು ಮನೆಯ ಮುದುಕರು ಅವಳ ಕೈತಪ್ಪುತ್ತಾರೆ. ಹಾಕು ಎಂದು ಒತ್ತಾಯ ಮಾಡಿದ್ದು ತಾನು. ಮಜೆಲ್ಲಾಳಿಗೆ ಹೇಳಿದಾಗ ಅವಳು ಬೈಯಲಿಲ್ಲ. ಕಾಲುಚೀಲವನ್ನು ಮಾತ್ರ ಒಂದೇ ಎಳೆತಕ್ಕೆ ಎಳೆದಳು, ಹ್ಯಾನಾಳಿಗೆ ನೋವಾಗುವಷ್ಟು.

ಇಬ್ಬರೂ ಸೇರಿ ಒಂದು ಕ್ರಮ ಮಾಡಿಕೊಂಡರು. ಟ್ಯಾಂಕು ಬರಿದಾಗುವ ತನಕ ಓಡಿಸುವುದು, ಕೆಲವೇ ಲೀಟರು ಹಾಕಿಸುವುದು, ಮತ್ತೆ ಬರಿದು ಮಾಡುವುದು. ಪ್ರತಿಸಲವೂ ಮಜೆಲ್ಲಾ ತೆಳು ಕೊಳವೆ ಇಳಿಸಿ ಒಂದಿಷ್ಟು ಹೊರಗೆ ತೆಗೆಯುವಳು, ಹ್ಯಾನಾ ಅದನ್ನು ಜಾಮಿನ ಸೀಸೆಗೆ ಹಾಕಿ ಕಿಟಕಿಯಲ್ಲಿಡುವಳು. ಮೊದಲ ಸೀಸೆಯಲ್ಲಿ ಹಸಿರು ಎದ್ದು ಕಾಣುತ್ತಿತ್ತು. ಎರಡನೆಯದು ಹುಲ್ಲು ನೆನೆಸಿದ ನೀರು. ಮೂರನೆಯದನ್ನು ಬಿಳಿ ತಟ್ಟೆಯ ಮುಂದೆ ಹಿಡಿದರೆ ಮಾತ್ರ ಗೊತ್ತಾಗುತ್ತಿತ್ತು. ನಾಲ್ಕನೆಯದರಲ್ಲಿ ಹ್ಯಾನಾಳ ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಅವಳ ಕಣ್ಣಿಗೆ ಎಂಬತ್ತೊಂದು ವರ್ಷ, ಅವರ ಯಂತ್ರಕ್ಕೆ ವಯಸ್ಸಿಲ್ಲ.

ಈ ನಡುವೆ ಮಜೆಲ್ಲಾ ದೊಡ್ಡ ರಸ್ತೆಯನ್ನೇ ಬಿಟ್ಟಳು. ಸುಂಕದವರು ನಿಲ್ಲುವುದು ಅಲ್ಲಿ. ಜವುಗಿನ ನಡುವಿನ ಕಿರುದಾರಿಗಳಲ್ಲಿ, ಕುರಿಗಳ ಹಿಂದೆ ಹಿಂದೆ, ಕಳ್ಳಿಯ ಹಾಗೆ ಮನೆಯಿಂದ ಮನೆಗೆ ಹೋದಳು. ಐದು ಭಾನುವಾರ ಜರಡಿ ಸುಡಲಿಲ್ಲ. ಆರನೆಯ ವಾರ ಶುಕ್ರವಾರ ಹಳದಿ ದೀಪ ಹತ್ತಿತು.

ಅಂಗಳದಲ್ಲಿ ಬಾಗಿಲು ತೆರೆದಿಟ್ಟು ಇಬ್ಬರೂ ಆ ದೀಪವನ್ನು ನೋಡಿದರು. ದೊಡ್ಡ ರಸ್ತೆಗೆ ಹೋದರೆ ಸುಂಕದವರು ಸಿಗಬಹುದು. ಹೋಗದಿದ್ದರೆ ಕಾರು ತಾನಾಗಿಯೇ ಸಾಯುತ್ತದೆ.

"ಭಾನುವಾರ ಅವ್ರೂ ಪೂಜೆಗೆ ಹೋಗಲ್ವೇನು? ಮಧ್ಯಾಹ್ನ ಒಂದು ಗಂಟೆಗೆ ಯಾವ ಸುಂಕದವನು ಊಟ ಬಿಟ್ಟು ರಸ್ತೇಲಿ ನಿಂತ್ಕೋತಾನೆ?" ಎಂದಳು ಹ್ಯಾನಾ. ಮಜೆಲ್ಲಾ ಒಪ್ಪಿದಳು. ಇಬ್ಬರಿಗೂ ನೆನಪಾಗದೆ ಉಳಿದದ್ದು ಒಂದೇ ಸಂಗತಿ: ಸುಂಕದವರು ಕಾಯುವುದೇ ಜನ ಸೇರುವ ದಿನಕ್ಕೆ, ಆ ಭಾನುವಾರ ಪೇಟೆಯಲ್ಲಿ ಜಿಲ್ಲಾ ತಂಡದ ಫುಟ್‌ಬಾಲ್ ಪಂದ್ಯ.

ಹೊರಟು ಹದಿಮೂರು ನಿಮಿಷ ಆಗಿತ್ತು. ಹ್ಯಾನಾ ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಎಣಿಸುತ್ತಿದ್ದಳು. ಬಿಸಿ ಕಬ್ಬಿಣದ ವಾಸನೆ ಬರುತ್ತಿತ್ತು, ಅಂದರೆ ಜರಡಿ ಉರಿಯುತ್ತಿದೆ, ಒಳ್ಳೆಯದು. ಆಮೇಲೆ ಮುಂದಿನ ಕಾರಿನ ಕಿಟಕಿಯಲ್ಲಿ ಡೊನೆಗಾಲ್‌ನ ತಂಡದ ಹಸಿರು-ಬಂಗಾರ ಬಣ್ಣದ ಬಾವುಟ ಕಂಡಿತು. ಅದರ ಮುಂದಿನದಕ್ಕೂ ಬಾವುಟ. ಅದರ ಮುಂದೆ ಸಾಲು ನಿಂತಿತ್ತು, ಸಾಲಿನ ತುದಿಯಲ್ಲಿ ಹೊಳೆಯುವ ಹಳದಿ ಮೇಲಂಗಿ ಹಾಕಿದ ಇಬ್ಬರು ಸುಂಕದವರು.

ತಿರುಗಿಸಲು ಜಾಗವಿರಲಿಲ್ಲ. ಹಿಂದೆಯೂ ಕಾರುಗಳು ಬಂದು ನಿಂತಿದ್ದವು.

"ನೀವು ಏನೂ ಮಾತಾಡ್ಬೇಡಿ," ಎಂದಳು ಮಜೆಲ್ಲಾ.

ಮುದುಕಿಯನ್ನು ಕೂರಿಸಿಕೊಂಡ ಕಾರನ್ನು ಬಿಟ್ಟುಬಿಡುತ್ತಾರೆ ಎಂದು ಹ್ಯಾನಾ ಕೊನೆಯ ತನಕ ಆಸೆ ಇಟ್ಟಿದ್ದಳು. ಬಿಡುತ್ತಿದ್ದರೋ ಏನೋ. ಆದರೆ ಕಾರು ನಿಂತ ಮೇಲೂ ಅದರ ಬೀಸಣಿಗೆ ಗುಯ್ಯೆಂದು ಕೂಗುತ್ತಿತ್ತು, ಎಂಜಿನ್ ಏದುಸಿರು ಬಿಡುತ್ತಿತ್ತು. ಅಧಿಕಾರಿ ಮೂವತ್ತರ ಗಂಡಸು, ಮೂಗು ಅರಳಿಸಿದ. ಎಂಜಿನ್ ಆರಿಸಿ ಎಂದ. ಆರಿಸಿದರೆ ಜರಡಿ ಅರ್ಧಕ್ಕೇ ನಿಲ್ಲುತ್ತದೆ, ಇನ್ನು ಏಳು ನಿಮಿಷ ಬಿಟ್ಟು ಆರಿಸುತ್ತೇನೆ ಎಂದು ಮಜೆಲ್ಲಾ ಬೇಡಿಕೊಂಡಳು. ಅದು ಅವನಿಗೆ ಇನ್ನಷ್ಟು ಅನುಮಾನ ತಂದಿತು. ಆರಿಸಿದಳು. ಟ್ಯಾಂಕಿನ ಮುಚ್ಚಳ ತೆಗೆಯಲು ಹೇಳಿ ಕೊಳವೆ ಇಳಿಸಿದ, ಬೆರಳುದ್ದದ ಸೀಸೆಗೆ ಡೀಸೆಲ್ ಎಳೆದು ಆಕಾಶಕ್ಕೆ ಹಿಡಿದು ನೋಡಿದ. ಮಬ್ಬು ದಿನ. ಅವನಿಗೂ ಏನೂ ಕಾಣಲಿಲ್ಲವೆಂದು ಹ್ಯಾನಾ ಅವನ ಮುಖದಿಂದಲೇ ಓದಿದಳು. ಅವನ ಜೊತೆಯವಳು ಆ ಸೀಸೆಯನ್ನು ವ್ಯಾನಿನೊಳಗಿನ ಪೆಟ್ಟಿಗೆಯಂಥ ಯಂತ್ರಕ್ಕೆ ಇಟ್ಟಳು. ಹೊತ್ತು ಹಿಡಿಯಿತು. ಹಿಂದಿನ ಸಾಲಿನವರು ಹಾರ್ನ್ ಹೊಡೆದರು, ಪಂದ್ಯ ಶುರುವಾಗುತ್ತದೆಂದು ಯಾರೋ ಕೂಗಿದರು. ಜೊತೆಯವಳು ಹೊರಗೆ ಬಂದು ಹೌದೆಂದು ತಲೆಯಾಡಿಸಿದಳು.

"ಸ್ವಲ್ಪ ಇದೆ," ಎಂದ ಅವನು. "ಯಾವಾಗ ಹಾಕಿದ್ರಿ?"

ಮಜೆಲ್ಲಾ ಬಾಯಿ ತೆರೆಯುವ ಮೊದಲೇ ಹ್ಯಾನಾ ಕಿಟಕಿಯಿಂದ ತಲೆ ಹೊರಹಾಕಿದ್ದಳು.

"ಹಾಕಿದ್ದು ನಾನು. ಇವಳಿಗೆ ಗೊತ್ತೇ ಇಲ್ಲ."

ಅವನು ಬಗ್ಗಿ ಅವಳನ್ನೂ ಅವಳ ಕೋಲನ್ನೂ ನೋಡಿದ. "ಏನಜ್ಜಿ, ಆ ಭಾರ ನೀವು ಹೇಗೆ ಎತ್ತಿದ್ರಿ?"

"ಎರಡೆರಡು ಲೀಟರು. ಹಾಲಿನ ಅಳತೇಲಿ. ನಾಲ್ಕು ಸಲ ಓಡಾಡಿದೆ. ಇವಳು ಒಳಗೆ ನನ್ನ ಬಟ್ಟೆ ಒಗೀತಾ ಇದ್ಳು. ಗಾಳಿ ಬಂದ ಮಾರನೇ ದಿನ, ಒಂಬತ್ತೂಕಾಲು. ಉಪಕಾರ ಆಗ್ಲಿ ಅಂತ ಹಾಕಿದೆ."

ಆಯುಷ್ಯವಿಡೀ ಅಳತೆ ತಪ್ಪದೆ ಹೇಳಿದವಳು ಸುಳ್ಳನ್ನೂ ಅಳತೆ ಮಾಡಿಯೇ ಹೇಳಿದಳು, ಅದಕ್ಕೇ ಅದು ನಿಂತಿತು. ಅವನು ಬರೆದುಕೊಂಡ. ಹ್ಯಾನಾ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಮಜೆಲ್ಲಾ ಮುಂದಿನ ಗಾಜನ್ನೇ ನೋಡುತ್ತಿದ್ದಳು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ.

ಕಾಗದ ಬರುತ್ತದೆ, ಹೋಗಿ ಎಂದರು. ಕಾರು ಚಾಲೂ ಆದಾಗ ಹಳದಿ ದೀಪದ ಪಕ್ಕದಲ್ಲಿ ಇನ್ನೊಂದು ದೀಪ ಮಿಣುಕುತ್ತಿತ್ತು. ಎಷ್ಟು ಒತ್ತಿದರೂ ಓಡಲಿಲ್ಲ. ಬಾವುಟದ ಕಾರುಗಳೆಲ್ಲ ಬೈಯುತ್ತಾ ಇವರನ್ನು ದಾಟಿಹೋದವು. ಮನೆಯ ತನಕ ಹತ್ತು ಮೈಲಿಯನ್ನು ಸೈಕಲ್ ವೇಗದಲ್ಲಿ ಬಂದರು.

ಮೆಕ್ಯಾನಿಕ್ಕು ಜರಡಿಯನ್ನು ಬಿಚ್ಚಿ ತೊಳೆದು ಕಾರನ್ನು ನೆಟ್ಟಗೆ ಮಾಡಿಕೊಟ್ಟ. ಮಜೆಲ್ಲಾ ಮಾತ್ರ ನೆಟ್ಟಗಾಗಲಿಲ್ಲ. ಎಂದಿನಂತೆ ಬರುವಳು, ಬೆಂಕಿ ಹಚ್ಚುವಳು, ಕಾಲುಚೀಲ ಹಾಕುವಳು. ಮಾತು ಮಾತ್ರ ಹವಾಮಾನದ್ದು. ಕಣ್ಣ ಕೆಳಗೆ ಕಪ್ಪು ಬಂತು. ತನ್ನ ಸುಳ್ಳಿನಿಂದ ಕಾರು ಉಳಿಯಿತು, ಕಾರಿನವಳು ದೂರವಾದಳು ಎಂದು ಹ್ಯಾನಾಳಿಗೆ ಕಾಣತೊಡಗಿತು. ಬಾಯಿಬಿಟ್ಟು ಕೇಳಲು ಹೆದರಿಕೆ.

ಜನವರಿಯಲ್ಲಿ ಹ್ಯಾನಾಳ ಹೆಸರಿಗೆ ಕಾಗದ ಬಂತು. ಓದಿದ್ದು ಮಜೆಲ್ಲಾ. ಗುರುವಾರ ಪೇಟೆಯ ಕಚೇರಿಗೆ ಬಂದು ಹೇಳಿಕೆಗೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಕಾರಿನ ಒಡತಿಯೂ ಬರಬೇಕು. ಹಾಕಿದವರು ಬೇರೆಯವರು, ಒಡತಿಗೆ ತಿಳಿದಿರಲಿಲ್ಲ ಎಂದು ಸಾಬೀತಾದರೆ ಕಾರನ್ನು ಮುಟ್ಟುವುದಿಲ್ಲ ಎಂದಿತ್ತು. ಹ್ಯಾನಾ ಎರಡು ಸಂಜೆ ಕೂತು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತನ್ನ ಹೆಸರು ಬರೆದು ಬರೆದು ಅಭ್ಯಾಸ ಮಾಡಿದಳು. ಸಹಿ ಮಾಡಿ ಎಷ್ಟೋ ವರ್ಷವಾಗಿತ್ತು. ಪ್ರಮಾಣ ಎಂಬ ಮಾತು ನೆನಪಾದಾಗಲೆಲ್ಲ ಪೆನ್ಸಿಲ್ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡು ಬರೆದಳು.

ಕಚೇರಿಯಲ್ಲಿ ಮೇಜಿನ ಆಚೆ ಕನ್ನಡಕದ ಹಿರಿಯ ಹೆಂಗಸೊಬ್ಬಳು ಕೂತಿದ್ದಳು. ಹೇಳಿಕೆಯನ್ನು ನಿಧಾನವಾಗಿ ಓದಿ ಹೇಳಿದಳು. ನಾಲ್ಕು ಸಲ, ಹಾಲಿನ ಅಳತೆ, ಒಂಬತ್ತೂಕಾಲು ಎಲ್ಲವೂ ಇತ್ತು. ಬೈಬಲ್ಲನ್ನು ಮುಂದೆ ಸರಿಸಿ ಪೆನ್ನು ಕೊಟ್ಟಳು. ಹ್ಯಾನಾ ಪೆನ್ನು ಹಿಡಿದಳು. ಅದರ ತುದಿ ಕಾಗದಕ್ಕೆ ಒಮ್ಮೆ ಚುಕ್ಕೆ ಇಟ್ಟಿತು.

ಮಜೆಲ್ಲಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಬೇಡ ಹ್ಯಾನಾ, ಬಿಡಿ." ಆಮೇಲೆ ಮೇಜಿನ ಆಚೆಗೆ ಹೇಳಿದಳು, "ಕ್ಯಾನು ಹಿಡಿದು ಬಗ್ಗಿಸಿದ್ದು ನಾನು. ಹಸಿರು ಅಂತ ಗೊತ್ತಿತ್ತು. ಇವ್ರು ಆಲಿಕೆ ಹಿಡಿದ್ರು ಅಷ್ಟೆ."

"ಸುಳ್ಳು ಹೇಳ್ತಿದಾಳೆ," ಎಂದಳು ಹ್ಯಾನಾ.

"ಹತ್ತು ಮನೆ ಬೀಗದ ಕೈ ನನ್ನ ಹತ್ರ ಇದೆ ಹ್ಯಾನಾ. ನನ್ನ ಮಾತು ನಂಬಿ ಕೊಟ್ಟಿದಾರೆ. ಈ ಕಾರಿಗೋಸ್ಕರ ನೀವು ಬೈಬಲ್ಲು ಮುಟ್ಟಿ ಸುಳ್ಳು ಹೇಳಿದ್ರೆ, ನಾಳೆ ಅದರಲ್ಲಿ ಹೇಗೆ ಕೂತ್ಕೊಳ್ಳಲಿ? ಒಂದು ತಿಂಗಳಿಂದ ಕೂತಿದೀನಿ, ಆಗ್ತಾ ಇಲ್ಲ."

ಕನ್ನಡಕದವಳು ಇಬ್ಬರ ಮುಖವನ್ನೂ ನೋಡಿದಳು. ವಿನ್ನಿಯ ವಿಷಯ ಕೇಳಿದಳು, ಗಾಳಿಯ ವಿಷಯ ಕೇಳಿದಳು, ಅದನ್ನೆಲ್ಲ ಬರೆದುಕೊಂಡಳು. ಬರೆದದ್ದರಿಂದ ಕಾರು ಉಳಿಯುವುದಿಲ್ಲ ಎಂದೂ ನೇರವಾಗಿ ಹೇಳಿದಳು. ಹ್ಯಾನಾಳ ಹೇಳಿಕೆಯನ್ನು ಹರಿದು ಬುಟ್ಟಿಗೆ ಹಾಕಿದಳು, ಸುಳ್ಳು ಹೇಳಿಕೆಯ ಆಪಾದನೆ ಮುದುಕಿಯ ಮೇಲೆ ಬಾರದಂತೆ ಅಷ್ಟು ಉಪಕಾರ ಮಾಡಿದಳು. ಆಮೇಲೆ ಕೀ ಕೇಳಿದಳು.

ಹಿಂದಿನ ಅಂಗಳದಲ್ಲಿ, ಎತ್ತರದ ಬೇಲಿಯೊಳಗೆ, ಹಸಿರು ಸಿಕ್ಕಿದ ವ್ಯಾನುಗಳ ಸಾಲಿನಲ್ಲಿ ಮಜೆಲ್ಲಾ ತಾನೇ ಕಾರನ್ನು ತಂದು ನಿಲ್ಲಿಸಿದಳು. ಹಿಂದಕ್ಕೆ ಸರಿಸಿ, ಗೆರೆಯ ಒಳಗೆ, ನೇರವಾಗಿ. ಕೊಡೆ, ಕೈಗವಸು, ಮುದುಕರಿಗೆಂದು ಇಟ್ಟಿದ್ದ ಕಂಬಳಿ, ಕನ್ನಡಿಗೆ ಕಟ್ಟಿದ್ದ ಸಂತನ ಪದಕ ಎಲ್ಲವನ್ನೂ ತೆಗೆದು ಚೀಲಕ್ಕೆ ತುಂಬಿದಳು. ಸೀಟಿನ ಮೇಲಿದ್ದ ನೂಲಿನ ಎಳೆಯೊಂದನ್ನು ಹೆಕ್ಕಿ ಎಸೆದಳು. ಬಾಗಿಲು ಹಾಕಿ ಕೀಯನ್ನು ಕಾವಲಿನವನ ಕೈಗೆ ಕೊಟ್ಟಳು. ಅವನು ಅದಕ್ಕೆ ದಾರ ಕಟ್ಟಿ ಚೀಟಿ ಅಂಟಿಸಿದ. ಕಾರು ಅವಳಿಗೆ ಮತ್ತೆ ಸಿಗಲಿಲ್ಲ. ಮುಂದೆ ಅವಳು ಪೇಟೆಯಲ್ಲೇ ವೃದ್ಧಾಶ್ರಮದ ಕೆಲಸಕ್ಕೆ ಸೇರಿದಳೆಂದು ಕಾಂಡಿಯ ಬಾಯಿಂದ ಹ್ಯಾನಾ ಕೇಳಿದಳೇ ಹೊರತು, ಅವಳಿಂದ ಅಲ್ಲ. ಇಬ್ಬರಿಗೂ ಪತ್ರ ಬರೆಯುವ ಅಭ್ಯಾಸವಿರಲಿಲ್ಲ.

ಆ ದಿನ ಗೇಟಿನ ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಹ್ಯಾನಾ ಕೋಲೂರಿ ನಿಂತಿದ್ದಳು. ಮಜೆಲ್ಲಾ ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದನ್ನು ಅವಳ ತೋಳಿಗೆ ಕೊಟ್ಟು, ರಸ್ತೆಯ ಆ ಕಡೆ ಈ ಕಡೆ ನೋಡಿದಳು. ಇಪ್ಪತ್ತೈದು ವರ್ಷದಿಂದ ಆ ಪೇಟೆಗೆ ಕಾರಿಲ್ಲದೆ ಬಂದವಳಲ್ಲ.

"ಹ್ಯಾನಾ," ಎಂದಳು, "ಇಲ್ಲಿ ಬಸ್ಸು ಎಲ್ಲಿ ನಿಲ್ಲುತ್ತೆ?"